ಮಗನಿಗೆ ಉಳಿ

ಹಲ್ಲು ಕೀಳಿಸಿಕೊಂಡು ಸತ್ತವರನ್ನು ನೆರಳಣ್ಣ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಆದರೂ ದವಡೆ ಹಲ್ಲು ಕೀಳಲೇಬೇಕೆಂದು ಡಾಕ್ಟರಮ್ಮ ಹೇಳಿದ ಗಳಿಗೆಯಿಂದ, ಆ ಪೈಕಿ ತಾನೇ ಮೊದಲನೆಯವನೆಂದು ಅವನಿಗೆ ಖಾತ್ರಿಯಾಗಿಬಿಟ್ಟಿತ್ತು.

ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಯಾವ ಅಕ್ಷರ ಬರೆದರೂ ಅದರ ಮಗ್ಗುಲಿಗೊಂದು ಕಪ್ಪು ನೆರಳು ಎಳೆಯದೆ ಕೈ ಸುಮ್ಮನಾಗುತ್ತಿರಲಿಲ್ಲ. ಅದಕ್ಕೇ ಬೀದಿಯವರು ಆ ಹೆಸರಿಟ್ಟಿದ್ದರು. ಹಲ್ಲು ಕೀಳಿಸುವ ದಿನ ಬೆಳಿಗ್ಗೆ ಉಯಿಲು ಬರೆಯಲು ಕೂತಾಗಲೂ ಕೈ ಪೆನ್ನಿಗೆ ಹೋಗಲಿಲ್ಲ, ಕುಂಚಕ್ಕೇ ಹೋಯಿತು. ದೊಡ್ಡ ಚಾರ್ಟ್ ಹಾಳೆಯ ಮೇಲೆ ‘ಮನೆ ಹೆಂಡತಿಗೆ’ ಎಂದು ಕೆಂಪಿನಲ್ಲಿ ಬರೆದ. ಚೆನ್ನಾಗಿ ಕಂಡಿತು. ಹಳದಿ ಅಂಚು ಕೊಟ್ಟ. ಇನ್ನೂ ಚೆನ್ನಾಗಿ ಕಂಡಿತು. ತನ್ನ ಕೈಕೆಳಗೇ ಕೆಲಸ ಕಲಿತ ಮಗಳಿಗೆ ಅಂಗಡಿಯನ್ನು ನೀಲಿಯಲ್ಲಿ ಬರೆದುಕೊಟ್ಟ. ‘ಮಗನಿಗೆ ಉಳಿದದ್ದೆಲ್ಲಾ’ ಎಂದು ಶುರುಮಾಡಿ ‘ಉಳಿ’ ಮುಗಿಸುವಷ್ಟರಲ್ಲಿ ಹಾಳೆಯೇ ಮುಗಿದುಹೋಯಿತು.

ಜಾಗದ ಅಂದಾಜು ಹೀಗೆ ತಪ್ಪಿದ್ದು ಇಷ್ಟು ವರ್ಷದಲ್ಲಿ ಇದೇ ಮೊದಲು. ಹೊತ್ತು ಬೇರೆ ಆಗಿತ್ತು. ಬದುಕಿ ಬಂದರೆ ಮಿಕ್ಕ ಅಕ್ಷರ ಬರೆದು ಅಂಟಿಸಿದರಾಯಿತೆಂದು ಹಾಳೆಯನ್ನು ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಬಿಟ್ಟು ಹೊರಟ.

ಬದುಕಿ ಬಂದ. ಬಾಯಿ ತುಂಬ ಹತ್ತಿ. ಅರ್ಧ ಮುಖ ಬೇರೆ ಯಾರದ್ದೋ ಎಂಬಂತೆ ಮರಗಟ್ಟಿತ್ತು. ನಡುಮನೆಯಲ್ಲಿ ಹಗ್ಗದ ಕೆಳಗೆ, ಬಸ್ ಕಂಡಕ್ಟರಾದ ಮಗ ಸಮವಸ್ತ್ರದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ.

"ಅಪ್ಪಾ, ಅಮ್ಮನಿಗೆ ಮನೆ, ಸರಿ. ಅಕ್ಕನಿಗೆ ಅಂಗಡಿ, ಅದೂ ಸರಿ. ನನಗೆ ಉಳಿನಾ?"

ನೆರಳಣ್ಣ ತಲೆಯೆತ್ತಿ ಹಗ್ಗದ ಮೇಲಿನ ಹಾಳೆ ನೋಡಿದ.

"ಬಡಗಿ ಕೂಡ ಮಗನಿಗೆ ಉಳಿ ಜೊತೆ ಒಂದು ಸುತ್ತಿಗೆ ಕೊಡ್ತಾನೆ," ಮಗ ಮೂಗೆಳೆದ. "ಉಳಿ ಹಿಡ್ಕೊಂಡು ಬಸ್ಸಲ್ಲಿ ಏನು, ಟಿಕೆಟ್ ಕೆತ್ತಲಾ?"

"ಅದಿರ್ಲಿ ರೀ, ನಮ್ಮನೇಲಿ ಉಳಿ ಎಲ್ಲಿದೆ?" ಎಂದಳು ಹೆಂಡತಿ. ಅಟ್ಟದವರೆಗೂ ಹುಡುಕಿ ಅವಳ ತಲೆಯೆಲ್ಲ ಧೂಳಾಗಿತ್ತು.

"ಉಳಿದದ್ದೆಲ್ಲಾ!" ಎಂದು ನೆರಳಣ್ಣ ಕೂಗಿದ. ಹತ್ತಿಯ ಸಂದಿಯಿಂದ ಹೊರಬಂದದ್ದು, "ಉಯಿ... ಅಲ್ಲಾ!"

"ಉಯಿಲು ಅಲ್ವಂತೆ!" ಎಂದಳು ಮಗಳು.

"ಈ ಬಣ್ಣ ನೋಡಿದಾಗ್ಲೇ ಅಂದ್ಕೊಂಡೆ, ಯಾವುದೋ ಅಂಗಡಿ ಬೋರ್ಡೇ ಇರ್ಬೇಕು ಅಂತ," ಎಂದಳು ಹೆಂಡತಿ.

ನೆರಳಣ್ಣ ತಲೆ ಚಚ್ಚಿಕೊಂಡು ಇನ್ನೊಂದು ಹಾಳೆ ಎಳೆದು ‘ದ’ ಬರೆದ. ಬರೆದವನು ಅಲ್ಲಿಗೆ ಬಿಡದೆ ನೆರಳು ಎಳೆಯತೊಡಗಿದ.

"ರೀ, ಮಗ ಅಳ್ತಿದಾನೆ. ನೆರಳು ಆಮೇಲೆ ಹಾಕ್ಕೊಳ್ಳಿ!"

ಅದು ಅವನಿಂದಾಗದ ಮಾತು. ನೆರಳಿಲ್ಲದ ಅಕ್ಷರವೆಂದರೆ ಅವನ ಕಣ್ಣಿಗೆ ಬಟ್ಟೆಯಿಲ್ಲದೆ ಬೀದಿಗಿಳಿದವನಿದ್ದ ಹಾಗೆ.

"ದನ ಇರ್ಬಹುದಾ?" ಮಗನಿಗೆ ಕೊಂಚ ಆಸೆ ಹುಟ್ಟಿತು. ಮುಂದಿನ ಅಕ್ಷರ ಮೂಡಿದಾಗ ಆ ಆಸೆಯೂ ಇಳಿಯಿತು. "ದದ್ದೆ... ದದ್ದಾ? ಮೈಮೇಲೆ ಏಳೋ ದದ್ದಾ?"

ಕೊನೆಗೂ ‘ಲ್ಲಾ’ ಬಂತು. ಎರಡು ಹಾಳೆ ಸೇರಿಸಿ ಮಗಳು ಗಟ್ಟಿಯಾಗಿ ಓದಿದಳು. ಮಗನ ಮುಖ ಅರಳಿತು.

"ಉಳಿದದ್ದೆಲ್ಲಾ! ಅಂದ್ರೆ ಏನೇನಮ್ಮ?"

ಎಲ್ಲರೂ ಸುತ್ತ ನೋಡಿದರು. ಪಾತ್ರೆ, ಮಂಚ, ಬೀರು ಮನೆಯ ಲೆಕ್ಕಕ್ಕೆ ಹೋದವು. ಏಣಿ, ಡಬ್ಬಿ, ಕುಂಚ ಅಂಗಡಿಯವು.

"ಉಳಿದಿರೋದು ನಿಮ್ಮಪ್ಪ ಒಬ್ರೇ ಕಣೋ," ಎಂದಳು ತಾಯಿ.

ಮಗ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದ. ತುಟಿ ಒಂದು ಕಡೆ ಜೋತುಬಿದ್ದಿತ್ತು, ಜೊಲ್ಲು ಅಂಗಿಗಿಳಿದಿತ್ತು. "ಹಾಗಾದ್ರೆ ಉಳಿನೇ ಇರ್ಲಿ ಬಿಡಮ್ಮ."

ನೆರಳಣ್ಣ ನಕ್ಕ ರಭಸಕ್ಕೆ ಹತ್ತಿ ಹಾರಿ ನೆಲಕ್ಕೆ ಬಿತ್ತು. ಆದರೂ ಹೊಸ ಹತ್ತಿ ತುರುಕಿ, ಹೆಗಲಿಗೆ ಟವೆಲ್ಲು ಹೊದಿಸಿ, ತಣ್ಣನೆಯ ಹಾಲನ್ನು ಚಮಚದಲ್ಲಿ ಕುಡಿಸಿದವನು ಆ ಮಗನೇ.

ಸಂಜೆ ಸಾಕ್ಷಿಗೆಂದು ಪಕ್ಕದ ಬೇಕರಿಯವನನ್ನೂ ಎದುರುಮನೆಯ ಮೇಷ್ಟ್ರನ್ನೂ ಕರೆದರು. ನೆರಳಣ್ಣ ಅವರೆದುರಿಗೆ ಸಹಿ ಹಾಕಿದ, ಅದಕ್ಕೂ ನೆರಳು ಎಳೆದ. ಮೇಷ್ಟ್ರು ಕನ್ನಡಕ ಏರಿಸಿ ಸಹಿ ಮಾಡಿ ಹೋದರು. ಬೇಕರಿಯವನು ಮಾತ್ರ ಸಹಿ ಮಾಡಿಯೂ ಕದಲಲಿಲ್ಲ. ಕೆಂಪು ಅಕ್ಷರಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಅಣ್ಣಾ, ನನಗೂ ಇಂಥದ್ದೊಂದು ಬೇಕು. ಹೆಂಡತಿ ಹೆಸರು ಬಂಗಾರದ ಬಣ್ಣದಲ್ಲಿರ್ಲಿ. ಭಾವಮೈದುನನ ಹೆಸರು ಯಾರಿಗೂ ಕಾಣಬಾರದು."

"ಕಾಣದ ಹಾಗೆ ಬರೆಯೋದು ನಮ್ಮ ಅಂಗಡೀಲಿಲ್ಲ," ಎಂದಳು ಮಗಳು, ಆಗಲೇ ಯಜಮಾನಿಯ ಗತ್ತಿನಲ್ಲಿ.

ನೆರಳಣ್ಣ ಕೆನ್ನೆ ಒತ್ತಿ ಹಿಡಿದುಕೊಂಡೇ ಬಂಗಾರದ ಡಬ್ಬಿ ತರಲು ಎದ್ದ.