ಅಕ್ಕನ ಕಪ್ಪು ಉಡುಪು

ತೀರಿಕೊಂಡ ಅಕ್ಕ ಅರ್ಗಿರೊಗೆ ತೊಡಿಸುತ್ತಿದ್ದ ಮದುವಣಗಿತ್ತಿಯ ಬಿಳಿ ಉಡುಪಿನ ಕೊನೆಯ ಗುಂಡಿಯೊಂದು ಬಾಕಿಯಿತ್ತು. ಅಷ್ಟರಲ್ಲಿ ಹಿಂದಿನಿಂದ ಬಂದ ಕೈಯೊಂದು ಸ್ಟಮಾಟಿಯಾಳ ಮಣಿಕಟ್ಟನ್ನು ಹಿಡಿಯಿತು.

"ಬೇಡ ಸ್ಟಮಾಟಿಯಕ್ಕಾ. ಬಿಚ್ಚಿಬಿಡು."

ಹೊಲಿಗೆ ಕಾರ್ಖಾನೆಯ ಲೆನಿಯೋ. ಅವಳ ಬೆನ್ನಿಗೆ, ಬಾಗಿಲ ತುಂಬ, ಅವಳ ಜೊತೆಗಾತಿಯರು.

"ಮದುವೆಯಾಗದೆ ಹೋದವಳನ್ನ ವಧುವಿನ ಹಾಗೇ ಕಳಿಸ್ಬೇಕಲ್ವೇನೇ?" ಸ್ಟಮಾಟಿಯಾ ಕೈ ಕೊಸರಿಕೊಂಡಳು. "ಜೀವಮಾನವೆಲ್ಲ ಕರಿ ಬಟ್ಟೆ ಹಾಕ್ಕೊಂಡು ಓಡಾಡಿದ್ಳು ನಮ್ಮಕ್ಕ. ಗಂಡನೇ ಇಲ್ಲದ ವಿಧವೆ ಅಂತ ವೋಲೋಸ್ ಊರೆಲ್ಲ ಆಡ್ಕೊಳ್ತು. ಇವತ್ತಾದ್ರೂ ಬಿಳಿ ಉಟ್ಟು ಅವನ ಹತ್ರ ಹೋಗ್ಲಿ."

"ಯಾರ ಹತ್ರ?"

"ಯಾರಿಗೋಸ್ಕರ ಕರಿ ಹಾಕ್ತಿದ್ಳೋ, ಆ ಪುಣ್ಯಾತ್ಮನ ಹತ್ರ! ಹೆಸರು ನಂಗೂ ಬಾಯಿ ಬಿಡ್ಲಿಲ್ಲ, ಕಳ್ಳಿ."

ಲೆನಿಯೋ ಕಣ್ಣರಳಿಸಿದಳು. ಮರುಕ್ಷಣ, ಹೆಣದ ಎದುರಿನಲ್ಲೇ, ನಗು ತಡೆಯಲಾರದೆ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

"ಪುಣ್ಯಾತ್ಮನೂ ಇಲ್ಲ, ಪಾಪಿಯೂ ಇಲ್ಲ! ಅರ್ಗಿರೊ ನಮ್ಮಲ್ಲಿಗೆ ಬಂದ ಮೊದಲ ದಿನ ಏನಾಯ್ತು, ಕೇಳಿಲ್ಲಿ."

*

ಕರಿ ಕೋಟಿಗೆ ಕರಿ ದಾರದ ಹೊಲಿಗೆ. ಮಬ್ಬು ಬೆಳಕಿನಲ್ಲಿ ಸೂಜಿಯ ಮೊನೆ ಕಾಣದೆ ಲೆನಿಯೋಳ ಬೆರಳೆಲ್ಲ ಗಾಯ. ಬೆಳಕು ಅಳೆಯಲು ಸರ್ಕಾರ ಕಳಿಸಿದ್ದ ಅರ್ಗಿರೊ, ಬಟ್ಟೆ ಇರುವ ಜಾಗದಲ್ಲೇ ತನ್ನ ಪುಟ್ಟ ಮಾಪಕವನ್ನಿಟ್ಟಳು. ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟ ಮಾಲೀಕ ಮೇಜಿಗೆ ಅಂಟಿಕೊಂಡು ನಿಂತ. ಮಾಪಕದ ಮುಳ್ಳು ಏರಿತು.

"ನೋಡಿ ಮೇಡಂ, ಬೆಳಕು ಬೇಕಾದಷ್ಟಿದೆ!"

"ಹಿಂದೆ ಸರೀರಿ. ಇನ್ನೂ ಸ್ವಲ್ಪ."

ಮುಳ್ಳು ಕುಸಿಯಿತು.

"ಇವ್ರು ಹೊಲಿಯೋವಾಗಲೆಲ್ಲ ನೀವು ಈ ಕೋಟು ಹಾಕ್ಕೊಂಡು ಪಕ್ಕದಲ್ಲೇ ನಿಂತಿರ್ತೀರಾ?"

ಹೊಲಿಯುವ ಹೆಂಗಸರ ಸಾಲುಸಾಲೇ ನಕ್ಕಿತು. ಅರ್ಗಿರೊ ಅವರತ್ತಲೂ ತಿರುಗಿದಳು.

"ನೀವೂ ಸರೀರಮ್ಮ. ನಿಮ್ಮ ಬಟ್ಟೆಗಳೂ ಬೆಳಕು ಎರಚ್ತವೆ. ನಂದು ಎರಚಲ್ಲ, ಅದಕ್ಕೇ ಕರಿ. ಈ ಮೇಜಿನ ಪಾಲಿಗೆ ಬಂದ ಬೆಳಕಷ್ಟೇ ಲೆಕ್ಕಕ್ಕೆ ಬರ್ಬೇಕು."

ಆ ಚಳಿಗಾಲ ಕಳೆಯುವ ಮುನ್ನ ಪ್ರತಿ ಮೇಜಿನ ಮೇಲೂ ಒಂದು ದೀಪ ತೂಗಿತು.

*

ಸ್ಟಮಾಟಿಯಾ ಬಿಳಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಬೀರುವಿನಿಂದ ಕಪ್ಪು ಉಡುಪು ತೆಗೆದು ಕಿಟಕಿಗೆ ಹಿಡಿದಳು.

"ಮೊಣಕೈ ಹತ್ರ ಹರಿದಿದೆಯಲ್ಲೇ."

"ಇಲ್ಲಿ ಕೊಡು," ಎಂದ ಲೆನಿಯೋ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು.

ಇಗರ್ಜಿಯ ಬಾಗಿಲಲ್ಲಿ ನೆರೆಮನೆಯವಳು ಪಿಸುಗುಟ್ಟಿದಳು: "ಕೊನೆಗೂ ಕರಿಯಲ್ಲೇ ಕಳಿಸ್ತಿದ್ದೀಯಾ? ಯಾರಿಗೋಸ್ಕರ ಅಂತಾದ್ರೂ ಗೊತ್ತಾಯ್ತಾ?"

"ಗೊತ್ತಾಯ್ತು. ಇಗೋ, ಇವರಿಗೋಸ್ಕರ!" ಹಿಂದಿನ ಸಾಲಿಗೂ ಕೇಳುವಂತೆ ಹೇಳಿ, ಸ್ಟಮಾಟಿಯಾ ಹೊಲಿಗೆಯ ಹೆಂಗಸರತ್ತ ಕೈ ತೋರಿದಳು.

ಸ್ಮಶಾನದಲ್ಲಿ, ತೆರೆದ ಶವಪೆಟ್ಟಿಗೆಯ ಸುತ್ತ ಎಲ್ಲರೂ ಕೊನೆಯ ಮುತ್ತು ಕೊಡಲೆಂದು ಮುಗಿಬಿದ್ದರು. ಅದು ಮುಗಿದದ್ದೇ, ಯಾರೂ ಹೇಳದೆ, ಹೊಲಿಗೆಯ ಹೆಂಗಸರೆಲ್ಲ, ಅಂದು ಮೇಜಿನಿಂದ ಸರಿದಂತೆ, ಒಟ್ಟಿಗೆ ಹಿಂದೆ ಸರಿದರು. ಉಳಿದವರೂ ಸರಿದರು. ಪೆಟ್ಟಿಗೆಯ ಪಕ್ಕದಲ್ಲಿ ಉಳಿದವಳು ಸ್ಟಮಾಟಿಯಾ ಒಬ್ಬಳೇ. ಕೈಯಲ್ಲಿದ್ದ ಬಿಳಿ ಕರವಸ್ತ್ರವನ್ನು ಒಮ್ಮೆ ನೋಡಿ, ಮಡಚಿ, ಮುಷ್ಟಿಯೊಳಗೆ ಅಡಗಿಸಿಕೊಂಡಳು. ತಾನೂ ಹಿಂದೆ ಸರಿದು ನಿಂತಳು.

ಅಕ್ಕನ ಕಪ್ಪು ಉಡುಪಿನ ಮೇಲೆ, ಅವಳ ಪಾಲಿನ ಬಿಸಿಲಷ್ಟೇ ಬಿದ್ದಿತ್ತು.