ಹಾಜರಿಯಲ್ಲಿ ಒಂದು ಹೆಸರು ಹೆಚ್ಚು

ಮೇಣದಬತ್ತಿ ಒಂದೇ ಬದಿಗೆ ಕರಗುತ್ತಿದೆ, ಪೌಲ ಅದನ್ನು ನೆಟ್ಟಗೆ ನಿಲ್ಲಿಸಲಿಲ್ಲ, ಅವನ ಅಪ್ಪ ಇದ್ದಿದ್ದರೆ ಇಷ್ಟೊತ್ತಿಗೆ ಬೈಸಿಕೊಂಡಿರುತ್ತಿದ್ದ, ಫೌಜಿನ ಮನುಷ್ಯ, ಮೇಣದಬತ್ತಿಯೂ ಎದೆ ಸೆಟೆಸಿ ನಿಲ್ಲಬೇಕು — ಮಕ್ಕಳು ಮೂವರೂ ಕಾಲು ತೊಳೆದುಕೊಂಡು ಚಾಪೆಯ ಮೇಲೆ ಕುಳಿತಿದ್ದಾರೆ, ಪೌಲ, ಸುಸನ್ನಾ, ಸಣ್ಣವಳು ರೋಜಾ, ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ, ಇವತ್ತಿನಿಂದ ಜಪಮಾಲೆ ಹಿಡಿಯಬೇಕಾದವಳು ನಾನು, ಹಾಜರಿ ಕರೆಯಬೇಕಾದವಳೂ ನಾನೇ. ಜಪಕ್ಕೆ ಮುಂಚೆ ಹಾಜರಿ ಯಾರ ಮನೆಯಲ್ಲಿ ಕರೆಯುತ್ತಾರೆ, ಭಾಲ್ಕಿಯಲ್ಲಿ ಕ್ಯಾಥೊಲಿಕ್ಕರ ಮನೆ ಇರುವುದೇ ನಾಲ್ಕು, ಉಳಿದ ಮೂರರಲ್ಲಿ ಇಲ್ಲ, ನಮ್ಮಲ್ಲಿದೆ, ದೀಪ ಹಚ್ಚಿದ ಕೂಡಲೇ ಇವರು, ಮಕ್ಕಳ ಅಪ್ಪ, ಎದ್ದು ನಿಂತು ಮಾರ್ಥಾ — ಹಾಜರ್, ಪೌಲ — ಹಾಜರ್, ಸುಸನ್ನಾ, ರೋಜಾ, ಕೊನೆಗೆ ದಸ್ತಗೀರ, ಅದಕ್ಕೆ ತಾವೇ ಹಾಜರ್ ಅಂದು ಮೊಣಕಾಲೂರುವುದು, ಏಳು ವರ್ಷ, ಒಂದು ಸಂಜೆಯೂ ತಪ್ಪಿಲ್ಲ, ರೋಜಾ ಅಂತೂ ದಸ್ತಗೀರ ಅಂದರೆ ಒಬ್ಬ ಸಂತ ಅಂತಲೇ ತಿಳಿದಿದ್ದಾಳೆ, ನಾವೂ ತಿದ್ದಲಿಲ್ಲ. ಇವತ್ತು ಆ ಹೆಸರು ಕರೆಯಲೋ ಬೇಡವೋ. ಗೋಡೆಗೆ ಒರಗಿ ಕುಳಿತಿದ್ದಾರಲ್ಲ ಅಜೀಜಾ ಬೇಗಂ, ದಸ್ತಗೀರನ ಹೆಂಡತಿ, ಇವರು ತೀರಿಕೊಂಡ ಸುದ್ದಿ ಕೇಳಿ ಔರಾದದಿಂದ ಬಸ್ಸು ಹಿಡಿದು ಬಂದವರು, ಭಾಯಿಯ ಮಾರಿ ಸೈತ ನೋಡಲಿಕ್ಕಾಗಲಿಲ್ಲಲ್ಲವ್ವಾ ಅಂತ ಅತ್ತವರು, ಅವರಿಗೆ ನಮ್ಮ ಹಾಜರಿಯ ವಿಷಯ ಗೊತ್ತಿಲ್ಲ, ತಮ್ಮ ಗಂಡ ಈ ಬಾಗಿಲ ತನಕ ಬಂದಿದ್ದ ಅನ್ನುವುದೂ ಗೊತ್ತಿಲ್ಲ, ಏಳು ವರ್ಷದಿಂದ ಬಳೆ ಒಡೆದಿಲ್ಲ, ಬಾಗಿಲಿಗೆ ರಾತ್ರಿ ಅಗಳಿ ಹಾಕುವುದಿಲ್ಲವಂತೆ, ಬಂದರೆ ತಟ್ಟುವಂತಾಗಬಾರದು ಅಂತ.

ನಿನ್ನೆ ಮಣ್ಣು ಕೊಡುವಾಗ ಬೀದರಿನಿಂದ ಬಂದ ಫಾದರ್ ಹೇಳಿದರು, ಇಂಥ ಭಕ್ತ, ಇಂಥ ಗಂಡ, ಇಂಥ ತಂದೆ, ಇಂಥ ಸಿಪಾಯಿ, ಎಲ್ಲ ನಿಜ, ನಾನು ತಲೆಯಾಡಿಸಿದೆ, ಕಣ್ಣಲ್ಲಿ ನೀರು ಬರಲಿಲ್ಲ, ಬರುವಾಗ ಬರುತ್ತದೆ. ಶುಕ್ರವಾರ ಇವರು ಎಂದೂ ಮಾಂಸ ಮುಟ್ಟಲಿಲ್ಲ, ಬಕ್ರೀದ್ ಶುಕ್ರವಾರ ಬಿದ್ದಾಗಲೂ ಮುಟ್ಟಲಿಲ್ಲ, ನೆರೆಯವರು ಕಳಿಸಿದ್ದನ್ನು ಮಕ್ಕಳಿಗೂ ಕೊಡಗೊಡದೆ ಎಲ್ಲರಿಗೂ ಪುಂಡಿಪಲ್ಯ ರೊಟ್ಟಿ, ಹತ್ತಿ ಜಿನ್ನಿನಲ್ಲಿ ಪಹರೆ ಕೆಲಸ, ತಿಂಗಳ ಮೊದಲ ಭಾನುವಾರ ಬೀದರಿನ ಚರ್ಚು, ಪಾಪನಿವೇದನೆ, ನನ್ನ ಮೇಲೆ ಒಂದು ದಿನ ಕೈ ಎತ್ತಲಿಲ್ಲ, ರೊಟ್ಟಿ ಸೀದರೆ ಮಾತ್ರ ಮಲಯಾದಾಗ ಇದೂ ಸಿಗ್ತಿದ್ದಿಲ್ಲ ಅನ್ನುತ್ತಿದ್ದರು, ಅದು ಹೊಗಳಿಕೆಯೋ ಬೈಗುಳವೋ ದೇವರೇ ಬಲ್ಲ. ಮಲಯಾ — ಇಂಗ್ರೇಜರ ಲಡಾಯಿಗೆ ನಿಜಾಮರು ಕಳಿಸಿದ ಪಲ್ಟನ್ನು, ಬಲಗಿವಿ ತೋಪಿನ ಸದ್ದಿಗೆ ಅಲ್ಲೇ ಹೋಯಿತು, ಆಮೇಲೆ ಮೂರು ವರ್ಷ ಜಪಾನಿನವರ ಕೈದು, ಜೊತೆಗೆ ದಸ್ತಗೀರ, ಹಾಜರಿಗೆ ಉತ್ತರ ಕೊಡದವನಿಗೆ ಅವತ್ತು ಅನ್ನ ಇಲ್ಲ, ಇವರು ಜ್ವರದಲ್ಲಿ ಏಳಲಾರದೆ ಬಿದ್ದಿದ್ದಾಗ ಹನ್ನೊಂದು ದಿನ ದಸ್ತಗೀರ ಎರಡು ಸಲ ಹಾಜರ್ ಅಂದನಂತೆ, ಎರಡು ದನಿ ಮಾಡಿ, ಸಿಕ್ಕಿಬಿದ್ದಿದ್ದರೆ ತಲೆ ಹೋಗುತ್ತಿತ್ತು — ಹುಚ್ಚ ಇದ್ದ ಅಂವ, ಮಾರ್ಥಾ, ಹುಚ್ಚ ಸೂಳೆಮಗ, ಅನ್ನುವರು, ಬಾಯಲ್ಲಿ ಕೆಟ್ಟ ಮಾತು ಬಂತಲ್ಲ ಅಂತ ಕೂಡಲೇ ಶಿಲುಬೆಯ ಗುರುತು ಹಾಕಿಕೊಳ್ಳುವರು.

ಲಡಾಯಿ ಮುಗಿದ ಮೇಲೆ ಇವರು ಫೌಜು ಬಿಟ್ಟರು, ದಸ್ತಗೀರ ಬಿಡಲಿಲ್ಲ. ಪೊಲೀಸ್ ಆ್ಯಕ್ಷನ್ ಆಗಿ ಹಿಂದೂಸ್ತಾನದ ಫೌಜು ನುಗ್ಗಿದಾಗ ಅವನ ಪಲ್ಟನ್ನು ನಳದುರ್ಗದ ಕಡೆ ಇತ್ತು, ಐದೇ ದಿನದಲ್ಲಿ ನಿಜಾಮರು ಶರಣಾದರು, ಸಿಪಾಯಿಗಳು ದಿಕ್ಕಾಪಾಲಾದರು, ಇಲ್ಲಿ ಊರೂರಲ್ಲಿ ಗುಂಪುಗಳು ಕೊಡಲಿ ಹಿಡಿದು ರಜಾಕಾರರನ್ನು ಹುಡುಕುತ್ತಿದ್ದವು, ಯಾರು ರಜಾಕಾರ ಯಾರು ಬರೀ ಮುಸಲ್ಮಾನ ಅಂತ ಕೇಳುವ ವ್ಯವಧಾನ ಯಾರಿಗಿತ್ತು. ಆ ಸಂಜೆ ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ, ಬಾಗಿಲು ಭದ್ರ ಮಾಡಿ ಜಪಕ್ಕೆ ಕುಳಿತೆವು, ಇವರ ಕಾನೂನು ಒಂದೇ, ಜಪ ಶುರುವಾದರೆ ಮನೆಗೆ ಬೆಂಕಿ ಬಿದ್ದರೂ ಯಾರೂ ಏಳಬಾರದು, ಇವರು ಕಣ್ಣು ಮುಚ್ಚಿ ಮಾತೆಯ ಪಟದ ಕಡೆ, ಕಿವುಡು ಕಿವಿ ಬಾಗಿಲ ಕಡೆ, ನಾಲ್ಕನೆಯ ಹತ್ತು ಮಣಿ ಶುರುವಾಗಿತ್ತು, ಬಾಗಿಲು ತಟ್ಟಿದ ಸದ್ದು. ಮೆಲ್ಲಗೆ. ಭಾಬಿ, ನಾನ್ರಿ, ಭಾಬಿ. ನಾನು ತಲೆ ತಗ್ಗಿಸಿದ್ದೆ, ಬಾಗಿಲಿನ ಕೆಳಗೆ ನಾಲ್ಕು ಬೆರಳಷ್ಟು ಸಂದಿ, ಆ ಸಂದಿಯ ಬೆಳಕಿನಲ್ಲಿ ಎರಡು ಕಾಲು, ಒಂದಕ್ಕೆ ಫೌಜಿನ ಬೂಟು, ಇನ್ನೊಂದಕ್ಕೆ ಬಟ್ಟೆ ಸುತ್ತಿತ್ತು, ಬಟ್ಟೆ ಸುತ್ತಿದ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಮನೆಯಲ್ಲಿ ಎರಡು ಕೂಸು, ರೋಜಾ ಇನ್ನೂ ಹುಟ್ಟಿರಲಿಲ್ಲ, ಓಣಿಯ ತುದಿಯಲ್ಲಿ ಕೊಡಲಿ. ಏಳು ವರ್ಷದ ಪೌಲ ತಿರುಗಿ ನೋಡಿದ, ತೊಡೆ ಚಿವುಟಿದೆ. ಆಮೇಲೆ ನಾನು ಮಾಡಿದ್ದು ಇಷ್ಟೇ, ಜಪದ ಉತ್ತರವನ್ನು ಜೋರಾಗಿ ಹೇಳಿದೆ, ಪಾಪಿಗಳಾದ ನಮಗಾಗಿ ಪ್ರಾರ್ಥಿಸಿರಿ, ಇನ್ನೂ ಜೋರಾಗಿ, ಇವರ ಒಳ್ಳೆಯ ಕಿವಿ ತುಂಬುವ ಹಾಗೆ, ಇವರಿಗೆ ಸಂತೋಷವಾಗಿರಬೇಕು, ಹೆಂಡತಿಗೆ ಇವತ್ತು ಭಕ್ತಿ ಬಂದಿದೆ ಅಂತ.

ಮರುದಿನ ಎದುರುಮನೆಯ ಕಾಶೀರಾಮ ಇವರಿಗೆ ಹೇಳಿದ, ಬಕ್ಕಪ್ಪಣ್ಣ, ನಿನ್ನಿ ನಿಮ್ಮ ಬಾಗಿಲಿಗಿ ಫೌಜಿನಂವ ಬಂದಿದ್ದ ನೋಡು, ಕುಂಟ್ತಿದ್ದ, ಬಡದು ಬಡದು ಹ್ವಾದ. ಇವರು ಒಳಗೆ ಬಂದು ಕೇಳಿದರು, ಮಾರ್ಥಾ, ನಿನಗ ಕೇಳಿಸಿತ್ತೇನು. ಇಲ್ಲ ಅಂದೆ. ನಂಬಿದರು, ನನ್ನ ಮಾತು ನಂಬದೆ ಇದ್ದದ್ದೇ ಇಲ್ಲ ಆ ಮನುಷ್ಯ. ನಾಲ್ಕು ದಿನ ಹೊಲ, ಹಳ್ಳ, ಹೊಳೆಯ ದಂಡೆ ಎಲ್ಲ ಹುಡುಕಿ ಬಂದರು, ಐದನೆಯ ಸಂಜೆ ಹಾಜರಿ ಶುರುವಾಯಿತು. ನನ್ನ ಕಿವಿ ಕಾರಣ, ನನ್ನ ಕಾನೂನು ಕಾರಣ, ಅಂತ ತಿಂಗಳು ತಿಂಗಳೂ ಫಾದರ್ ಮುಂದೆ ಮೊಣಕಾಲೂರಿದರು, ನನ್ನ ಪಾಪವನ್ನು ಏಳು ವರ್ಷ ತಮ್ಮದು ಅಂತ ನಿವೇದಿಸಿದರು, ಪ್ರಾಯಶ್ಚಿತ್ತದ ಜಪವನ್ನೂ ಮಾಡಿದರು, ಪಕ್ಕದಲ್ಲಿ ಕುಳಿತು ನಾನು ಉತ್ತರ ಹೇಳಿದೆ. ಅಜೀಜಾ ಬೇಗಂಗೆ ತಿಳಿಸಲು ಇವರಿಗೆ ಬಾಯಿ ಬರಲಿಲ್ಲ, ನನಗೆ ಬರುವ ಮಾತೇ ಇಲ್ಲ. ಈಗ ಎದ್ದು ನಿಂತಿದ್ದೇನೆ. ಪೌಲ — ಹಾಜರ್. ಸುಸನ್ನಾ — ಹಾಜರ್. ರೋಜಾ — ಹಾಜರ್. ಸಾಕು, ಮೊಣಕಾಲೂರಿದರೆ ಮುಗಿಯಿತು, ಯಾರಿಗೂ ಏನೂ ಆಗುವುದಿಲ್ಲ, ಅವರು ನಾಳೆ ಬಸ್ಸು ಹತ್ತಿ ಹೋಗುತ್ತಾರೆ, ಅಗಳಿ ಹಾಕದೆ ಮಲಗುತ್ತಾರೆ. ಅವ್ವಾ, ದಸ್ತಗೀರಂದು ಬಿಟ್ಟಿ ನೋಡು, ಅಂದಳು ರೋಜಾ. ಅಜೀಜಾ ಬೇಗಂ ತಲೆ ಎತ್ತಿದರು, ಯಾರ ಹೆಸರ ಅಂದಿ ಬೇಟಿ. ಪೌಲ ನೆಲ ನೋಡುತ್ತಿದ್ದಾನೆ, ಹದಿನಾಲ್ಕು ವರ್ಷದವನು, ಅವನಿಗೆ ಆ ಚಿವುಟು ನೆನಪಿದೆ. ಬಂದಿದ್ರರಿ, ಅಂದೆ, ಅವತ್ತ ಸಂಜಿಮುಂದ ಇದೇ ಬಾಗಿಲಿಗಿ ಬಂದಿದ್ರು, ಇವರಿಗಿ ಕೇಳಿಸಿಲ್ಲ, ನನಗ ಕೇಳಿಸಿತ್ತು, ನಾ ತೆಗಿಲಿಲ್ಲ.

ಅಜೀಜಾ ಬೇಗಂ ಸೆರಗು ಸರಿ ಮಾಡಿಕೊಂಡರು. ಎಷ್ಟೊತ್ತು ನಿಂತಿದ್ರು, ಅಷ್ಟೇ ಕೇಳಿದರು. ಮನೆಯಲ್ಲಿ ಗಡಿಯಾರ ಇಲ್ಲ, ಆಗಲೂ ಇರಲಿಲ್ಲ, ಹತ್ತ ಮಣಿ ಅಂದೆ. ಹತ್ತ ಮಣಿ ಅಂದ್ರ ಎಷ್ಟವ್ವಾ. ಮೊಣಕಾಲೂರಿ ಮೊದಲನೆಯ ಮಣಿ ಹಿಡಿದೆ, ನಮೋ ಮರಿಯಾ, ಮಕ್ಕಳು ಉತ್ತರ ಹೇಳಿದರು, ಎರಡನೆಯದು, ಇಷ್ಟು ಉದ್ದವಿತ್ತೇ ಒಂದೊಂದು, ಮೂರು, ಅಜೀಜಾ ಬೇಗಂ ಬಾಗಿಲನ್ನೇ ನೋಡುತ್ತಿದ್ದಾರೆ, ನಾಲ್ಕು, ಅವತ್ತು ನಾನು ಎದ್ದು ಹೋಗಿ ಅಗಳಿ ತೆಗೆದು ಮತ್ತೆ ಬಂದು ಕುಳಿತುಕೊಳ್ಳಬಹುದಿತ್ತು, ಐದು, ಸಂದಿಯಲ್ಲಿ ಬೂಟಿನ ಕಾಲು, ಬಟ್ಟೆ ಸುತ್ತಿದ ಕಾಲು, ಆರು, ಬಟ್ಟೆ ಸುತ್ತಿದ ಕಾಲು, ನೆಲಕ್ಕೆ ಊರದೆ, ಇನ್ನೂ ಊರದೆ —