ಹಲಗೆ ತೂತಾದ ಸುದ್ದಿ

೧

ಎಲ್ಲಿಂದ ಶುರು ಮಾಡಲಿ? ಪೊಲೀಸ್ ಜೀಪಿನಿಂದ ಅಂದರೆ ಸಿನಿಮಾ ಆಗುತ್ತದೆ, ಕೋತಿಯಿಂದ ಅಂದರೆ ಮಕ್ಕಳ ಕತೆ. ಮೊದಲ ಡ್ರಾಫ್ಟನ್ನು ಕೋತಿಯಿಂದಲೇ ಶುರು ಮಾಡಿದ್ದೆ. ಕಟ್ಟೆಮಳಲವಾಡಿಯ ಭಾಗ್ಯಮ್ಮ, ಗಂಡ ಸತ್ತ ಮೇಲೆ ಒಬ್ಬಳೇ ಹೊಲ ನೋಡಿಕೊಳ್ಳುವವಳು, ಜೋಳಕ್ಕೆ ನುಗ್ಗುವ ಕೋತಿ ಓಡಿಸಲು ಏರ್‌ಗನ್ ಇಟ್ಟುಕೊಂಡಿದ್ದಳು. ನೋಡಲು ಥೇಟ್ ಮಿಲಿಟರಿ ರೈಫಲ್ಲು. ಮೈಸೂರಿನಿಂದ ತಂದುಕೊಟ್ಟ ತಮ್ಮ ಚಿಕ್ಕಣ್ಣ, "ಆಟದ್ ಸಾಮಾನು ಕಣಕ್ಕ, ಲೈಸೆನ್ಸ್ ಗೀಸೆನ್ಸ್ ಏನೂ ಬ್ಯಾಡ್ವಂತೆ" ಎಂದಿದ್ದ. ಪಾಪದ ಹೆಂಗಸು, ಕುರುಡು ಕಾನೂನು. ಓದುಗರ ಕಣ್ಣಲ್ಲಿ ನೀರು ಗ್ಯಾರಂಟಿ.

ಭಾಗ್ಯಮ್ಮ ಒಪ್ಪಲಿಲ್ಲ.

"ಕೋತಿಗೂ ಎತ್ತಿದ್ದೆ, ಮಾದೇಶಂಗೂ ಎತ್ತಿದ್ದೆ. ಅದ್ಯಾಕೆ ಬರೀನಿಲ್ಲ ನೀನು?"

"ಬರೆದರೆ ಓದುವವರಿಗೆ ನಿಮ್ಮ ಮೇಲೆ ಮರುಕ ಬರಲ್ಲಮ್ಮ."

"ಮರುಕ ಯಾರ್ ಕೇಳುದ್ರು? ಆಗಿದ್ದು ಬರಿ."

(ಡ್ರಾಫ್ಟ್ ಒಂದು ಕಸದ ಬುಟ್ಟಿಗೆ.)

೨

ಆಗಿದ್ದು ೧೯೯೮ರಲ್ಲಿ. ಮಾದೇಶ ಅವಳ ಮೈದುನ. ಅವಳು ಮದುವೆಯಾಗಿ ಬಂದಾಗ ಇನ್ನೂ ಚಡ್ಡಿ ಹಾಕುತ್ತಿದ್ದ. ತಲೆಗೆ ಎಣ್ಣೆ ಹಚ್ಚಿ ಸ್ಕೂಲಿಗೆ ಅಟ್ಟುತ್ತಿದ್ದವಳು ಇವಳೇ. ಅಣ್ಣ ತೀರಿಕೊಂಡ ಮೇಲೆ ಬದುವಿನ ಜಗಳ ಎದ್ದಿತು. ಒಂದು ಬೆಳಿಗ್ಗೆ ಅವನು ಗಡಿಕಲ್ಲು ಕೀಳುತ್ತಿದ್ದುದನ್ನು ಕಂಡು ಭಾಗ್ಯಮ್ಮ ಏರ್‌ಗನ್ನನ್ನು ಅವನ ಎದೆಗೆ ಹಿಡಿದಳು.

"ಕಲ್ ಬುಟ್ಟು ಆಚೆ ಓಗ್ಲಾ."

ಟ್ರಿಗರ್ ಎಳೆಯಲಿಲ್ಲ. ಅವನು ಕಲ್ಲು ಬಿಟ್ಟು ಹೋದ. ಹೋದವನು ಸೀದಾ ಹುಣಸೂರು ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಟ. ಎಸ್‌ಐ ಅತ್ತಿಗೆಯನ್ನು ಸ್ವಲ್ಪ ಗದರಿಸಲಿ ಎಂದಷ್ಟೇ ಅವನ ಆಸೆ. ಎಸ್‌ಐ ಗದರಿಸಲಿಲ್ಲ. ಗನ್ನನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಸೀಲು ಒತ್ತಿ, ಪರೀಕ್ಷೆಗೆ ಕಳಿಸಿದರು.

೩

(ಇಲ್ಲಿ ಕೋರ್ಟಿನ ವರ್ಣನೆ ಬರಬೇಕು. ಕಿರುಗುಟ್ಟುವ ಫ್ಯಾನು, ಕರಿಕೋಟು. ನೀವೇ ಹಾಕಿಕೊಳ್ಳಿ.)

ಲಾಯರ್ ವೀರಭದ್ರಸ್ವಾಮಿ ಮೊದಲೇ ಹೇಳಿಕೊಟ್ಟಿದ್ದರು: "ಸಾಹೇಬ್ರು ಕೇಳುದ್ರೆ ಕೋತಿ ಓಡ್ಸಕ್ಕೆ ಅನ್ನಿ. ಇನ್ನೇನೂ ಮಾತಾಡ್ಬೇಡಿ."

ತಜ್ಞರ ವರದಿಯನ್ನು ಇಂಗ್ಲಿಷಿನಲ್ಲಿ ಓದಿದರು. ಭಾಗ್ಯಮ್ಮ ಲಾಯರ ಕಡೆ ಬಾಗಿದಳು.

"ಏನಂತೆ?"

"ಒಂದಿಂಚು ದಪ್ಪದ ಹಲಗೆ ಇಟ್ಟು ಹೊಡೆದವ್ರೆ. ತೂತಾಗಿ ಗುಂಡು ಆಚೆ ಬಂದದೆ. ಅದಕ್ಕೇ ಲೈಸೆನ್ಸ್ ಬೇಕಾಗಿತ್ತು ಅಂತವ್ರೆ."

ಅವಳ ಕೈ ಕಟಕಟೆಯ ಮೇಲಿತ್ತು. ಅದೂ ಮರವೇ. ಹೆಬ್ಬೆರಳಿಂದ ಒತ್ತಿ ನೋಡಿದಳು. ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಾದೇಶನ ಎದೆಯನ್ನು ನೋಡಿದಳು. ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. (ಇಲ್ಲೊಂದು ಒಳ್ಳೆಯ ಉಪಮೆ ಬರೆದಿದ್ದೆ. ನಾಚಿಕೆಯಾಗಿ ಹೊಡೆದುಹಾಕಿದೆ.)

"ಕನಿಷ್ಠ ಒಂದು ವರ್ಷ ಶಿಕ್ಷೆ ಇದೆ," ಎಂದರು ಮ್ಯಾಜಿಸ್ಟ್ರೇಟರು. "ಕಡಿಮೆ ಮಾಡೋಕೆ ವಿಶೇಷ ಕಾರಣ ಬೇಕು. ಏನಾದ್ರೂ ಹೇಳೋದಿದ್ರೆ ಹೇಳಮ್ಮ."

ಲಾಯರು ಕೆಮ್ಮಿದರು. ಕೋತಿ ಅನ್ನಿ ಅಂತ ನಾನೂ ಪಿಸುಗುಟ್ಟಿದೆ.

"ಕೋತಿಗೆ ಅಂತ ತಂದಿದ್ದು ಸಾಮಿ. ಇವನ ಎದೆಗೆ ಇಡಿದೆ. ಬೆರಳು ಒಸಿ ಅಲ್ಲಾಡಿದ್ರೆ..."

ಶಿಕ್ಷೆ ಒಂದು ವರ್ಷವೇ ಆಯಿತು.

ಎದ್ದು ನಿಂತವನು ಮಾದೇಶ. "ಸಾಮಿ, ಕೇಸು ವಾಪಸ್ ತಗತೀನಿ. ನಮ್ಮತ್ಗೆ ಅವ್ರು."

"ಇದು ಈಗ ನಿನ್ನ ಕೇಸಲ್ಲಪ್ಪ. ಕೂತ್ಕೊ."

ಕೂರುವುದೇ ಮರೆತುಹೋದವನಂತೆ ಅವನು ನಿಂತೇ ಇದ್ದ.

೪

ಮುಕ್ತಾಯ ಒಂದು: ಮೇಲಿನ ಕೋರ್ಟಿನಲ್ಲಿ ಬಿಡುಗಡೆ. (ಆದರೆ ಅಪೀಲು ಬೇಡ ಅಂದವಳು ಅವಳೇ.)

ಮುಕ್ತಾಯ ಎರಡು: ಅತ್ತಿಗೆ, ಮೈದುನ ತಬ್ಬಿಕೊಂಡು ಅಳುತ್ತಾರೆ. (ನಡುವೆ ಜೈಲಿನ ಜಾಲರಿ ಇದೆ ಕಣ್ರೀ.)

ನಿಜಕ್ಕೂ ಮಾದೇಶ ಮೈಸೂರಿನ ಜೈಲಿಗೆ ಹೋದ. ಜಾಲರಿಯ ಈಚೆ ನಿಂತ. ಭಾಗ್ಯಮ್ಮ ಕೋರ್ಟಿನಲ್ಲಿ ನೋಡಿದಂತೆಯೇ ಅವನ ಎದೆಯನ್ನು ನೋಡಿದಳು.

"ಅಂಗಿ ಗುಂಡಿ ಬಿಚ್ಲಾ."

"ಯಾಕತ್ಗೆ?"

"ನೋಡ್ಬೇಕು."

ಅವನ ಕೈ ಮೇಲಿನ ಗುಂಡಿಗೆ ಹೋಯಿತು. ಗುಂಡಿ ಜಾರಿತು. ಮತ್ತೆ ಹಿಡಿದ. ಇಲ್ಲಿ ನಾನು 'ಬಿಚ್ಚಿದ' ಅಂತ ಒಂದು ಪದ ಬರೆದರೆ ಸಾಕು, ಎಲ್ಲರೂ ಮನೆಗೆ ಹೋಗಬಹುದು. ಬರೆಯಲು ಪೆನ್ನು ಎತ್ತಿದೆ.

"ನೀ ಒಸಿ ಸುಮ್ಕಿರಪ್ಪ," ಅಂದಳು ಭಾಗ್ಯಮ್ಮ, ನನ್ನ ಕಡೆ ತಿರುಗದೆ.